ಕ್ಲಚ್ ಮೇಲೆ ಯಾರ ಕಾಲು?

ನಮ್ಮ ಸೋದರಮಾವನ ಮನೆಯಲ್ಲಿ ಅವರು ಕೈಯಾರೆ ರಿಪೇರಿ ಮಾಡದ ವಸ್ತು ಒಂದೂ ಇಲ್ಲ. ರಿಪೇರಿಯಾದ ಮೇಲೆ ನೆಟ್ಟಗೆ ಕೆಲಸ ಮಾಡಿದ ವಸ್ತುವೂ ಇಲ್ಲ! ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ಕೈ ಅವರದು. ಆ ಕೈಗೆ ಬಾರದ ಕೆಲಸವೇ ಇಲ್ಲವೆಂದು ಅವರ ನಂಬಿಕೆ. ಕುಕ್ಕರಿನ ಹಿಡಿ ಮುರಿದಾಗ ತಾವೇ ಮರದ್ದೊಂದು ಕಡೆದು, ಅಷ್ಟಕ್ಕೇ ಬಿಡಲಾರದೆ ಕೆಂಪು ಅರಗು ಬೇರೆ ಬಳಿದರು. ಬಿಸಿ ತಾಗಿದರೆ ಅರಗು ಸುಮ್ಮನಿರುತ್ತದೆಯೇ? ಅತ್ತೆಯ ಕೆಂಪು ಅಂಗೈ ನೋಡಿ ಪಕ್ಕದ ಮನೆಯಾಕೆ, "ಯಾರ್ ಮದ್ವೆಗ್ ಮೆಹಂದಿ ಹಾಕುಸ್ಕಂಡ್ರಿ?" ಅಂದರು.

ಇಂಥ ಮಾವನ ಹಳೇ ಕಾರಿನ ಕ್ಲಚ್ ಹೋಯಿತು. ಹೋಗಿದ್ದಾದರೂ ಯಾವಾಗ? ಸೋಮವಾರ ರಾಮನಗರದಲ್ಲಿ ಅತ್ತೆಗೆ ಡ್ರೈವಿಂಗ್ ಟೆಸ್ಟ್ ಇದೆ ಎನ್ನುವಾಗ! ಐವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಟ ನಮ್ಮತ್ತೆ ಹೊಲಿಗೆ ಮೆಷಿನ್ ತುಳಿದು ಬಂದವರು. ಪೆಡಲ್ ಎಂದರೆ ಅದರ ಮೇಲೆ ಸದಾ ಕಾಲಿರಬೇಕು ಎಂಬುದು ಅವರ ಲೆಕ್ಕ. ಅವರು ಅಭ್ಯಾಸ ಮಾಡುತ್ತಿದ್ದಾಗಲೇ ದೊಡ್ಡಮಳೂರಿನ ಹತ್ತಿರ ಕಾರು ಗೊರಗುಟ್ಟಿ, ಸುಟ್ಟ ವಾಸನೆ ಹೊಡೆದು ನಿಂತುಬಿಟ್ಟಿತು. ಅತ್ತೆಯ ಮುಖ ಸಣ್ಣದಾಯಿತು.

"ನನ್ ಕಾಲಿಂದ್ಲೇ ಹಾಳಾಗಿದ್ರೆ ಆಣೆಗೂ ಇನ್ ಸ್ಟೇರಿಂಗ್ ಮುಟ್ಟಾಕಿಲ್ಲ."

"ಹಳೇ ಗಾಡಿ ಕಣೆ, ಅದ್ರ ಆಯುಸ್ಸು ಮುಗೀತು," ಎಂದ ಮಾವ ನನ್ನತ್ತ ತಿರುಗಿ, "ಗ್ಯಾರೇಜ್ ಗೀರೇಜ್ ಬ್ಯಾಡ. ನಾನೇ ಹಾಕ್ತೀನಿ," ಎಂದರು.

"ಮಾವ, ಅದಕ್ಕೆ ಗೇರ್‌ಬಾಕ್ಸೇ ಇಳಿಸ್ಬೇಕು."

"ಇಳ್ಸನ. ಅಟ್ಟದಿಂದ ರಾಗಿ ಮೂಟೆ ಇಳ್ಸಿಲ್ವೇನ್ಲಾ?"

ಫೋನಿನಲ್ಲಿ ಹಿಂದಿ ವಿಡಿಯೋಗಳನ್ನು ನೋಡಿದರು. ಮಾವನಿಗೆ ಹಿಂದಿ ಬರುತ್ತದೆಯೇ? ಇಲ್ಲ. ಆದರೂ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಆಮೇಲೆ, ಹೇಗೋ ತಳ್ಳಿಸಿ ಮನೆ ಮುಂದೆ ತಂದು ನಿಲ್ಲಿಸಿದ್ದ ಕಾರಿಗೆ ಜಾಕ್ ಕೊಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಅದರಡಿ ತೂರಿದರು. ಬೀದಿಯವರೆಲ್ಲ ಸಲಹೆ ಕೊಡಲು ಸೇರಿದರು. ಬಹಳ ಹೆಣಗಾಟದ ಬಳಿಕ ಒಂದೇ ಒಂದು ಬೋಲ್ಟ್ ಬಿಚ್ಚಿಕೊಂಡಿತು. ಅದೂ ಯಾವುದು? ಗೇರ್ ಆಯಿಲ್ ಖಾಲಿ ಮಾಡುವ ಬೋಲ್ಟು! ಮಾವನ ಮುಖಕ್ಕೆ ಅಭಿಷೇಕವೇ ಆಯಿತು. ತೆವಳಿ ಹೊರಬಂದವರನ್ನು ನೋಡಿ ಅತ್ತೆ, "ಯಾರಪ್ಪಾ ನೀನು?" ಎಂದರು.

"ಎಣ್ಣೆ ಇಳ್ಸಲೇಬೇಕಿತ್ತು ಕಣೆ. ಅರ್ಧ ಕೆಲ್ಸ ಆದಂಗಾಯ್ತು!"

ಉಳಿದರ್ಧ ಆಗಲೇ ಇಲ್ಲ. ಶನಿವಾರ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳೆದುಕೊಂಡು ಹೋದೆವು. "ನೀನ್ ಮನೇಲಿರು" ಎಂದು ಮಾವ ಎಷ್ಟು ಗೋಗರೆದರೂ ಅತ್ತೆ ಕೇಳಲಿಲ್ಲ, ಜೊತೆಗೇ ಬಂದರು.

ಮೆಕ್ಯಾನಿಕ್ ಸವೆದ ಕ್ಲಚ್ ಪ್ಲೇಟನ್ನು ಎತ್ತಿ ಹಿಡಿದು ಜೋರಾಗಿ ನಕ್ಕ. "ಯಾರಣ್ಣ ಇದ್ನ ಓಡ್ಸೋರು? ಕ್ಲಚ್ ಮೇಲಿಂದ ಕಾಲೇ ತೆಗಿಯಾಕಿಲ್ವಾ?"

ಅತ್ತೆ ಸೆರಗಿನ ತುದಿ ಹಿಡಿದು ನೆಲ ನೋಡಿದರು. ನನಗೆ ಆಗ ಹೊಳೆಯಿತು. ಈ ಒಂದು ಮಾತು ಹೆಂಡತಿಯ ಕಿವಿಗೆ ಬೀಳಬಾರದೆಂದೇ ಈ ಪುಣ್ಯಾತ್ಮ ಎಣ್ಣೆಯಲ್ಲಿ ಮಿಂದದ್ದು!

"ನಾನೇ ಕಣಪ್ಪ," ಎಂದರು ಮಾವ. ತಮ್ಮಂಥ ಡ್ರೈವರ್ ಇಡೀ ಚನ್ನಪಟ್ಟಣದಲ್ಲೇ ಇಲ್ಲ ಎನ್ನುತ್ತಿದ್ದ ಮಾವ! "ಒಸಿ ಕೆಟ್ಟ ಅಭ್ಯಾಸ. ಇವ್ಳು ಎಷ್ಟ್ ಬಡ್ಕಂಡ್ರೂ ನಾನ್ ಕೇಳಾಕಿಲ್ಲ."

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಮಾವನೂ ಅವರ ಜೊತೆ ಸೇರಿ ನಕ್ಕರು.

ಸಂಜೆಗೆ ಕಾರು ಸಿದ್ಧವಾಯಿತು. ಅತ್ತೆ ಯಾರನ್ನೂ ಕೇಳದೆ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, "ಇನ್ಮೇಲಾದ್ರೂ ಕ್ಲಚ್ ಮೇಲೆ ಕಾಲಿಟ್ಕಂಡ್ ಓಡುಸ್ಬೇಡಿ ನೀವು," ಎಂದರು. ದನಿ ನಡುಗುತ್ತಿತ್ತು.

"ಆಯ್ತು ಕಣೆ," ಎಂದರು ಮಾವ.