ಪಿತ್ತನಾಳದ ಪಾಸ್‌ಪೋರ್ಟ್ ಫೋಟೋ

ಸುಳ್ಳು ಹೇಳುವವರಲ್ಲಿ ಎರಡು ಬಗೆ: ಬಾಯಿಯಲ್ಲಿ ಹೇಳುವವರು, ಕೈಯಲ್ಲಿ ಹೇಳುವವರು. ಬಾಯಿಯ ವಿದ್ಯೆ ನನಗೆ ಒಲಿಯಲೇ ಇಲ್ಲ. ಎರಡನೆಯ ವಾಕ್ಯಕ್ಕೇ ತೊದಲಿ ಸಿಕ್ಕಿಬೀಳುತ್ತೇನೆ. ಆದರೆ ಕೈಯ ವಿಚಾರ ಬೇರೆ. ಉಪ್ಪಳದ ಪೇಟೆಯಲ್ಲಿ ಮೂವತ್ತೈದು ವರ್ಷಗಳಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡವನು ನಾನು. ಮದುವೆಯ ಗ್ರೂಪ್ ಫೋಟೋದಲ್ಲಿ ಮುಖ ಗಂಟು ಹಾಕಿ ನಿಂತ ಸೋದರಮಾವನನ್ನು ನಗಿಸಿದ್ದೇನೆ. ದುಬಾಯಿಯಲ್ಲಿ ರಜೆ ಸಿಗದೆ ಉಳಿದ ತಮ್ಮನನ್ನು ಇಲ್ಲಿ ಅಣ್ಣನ ಮಂಟಪದ ಪಕ್ಕ ತಂದು ನಿಲ್ಲಿಸಿದ್ದೇನೆ. ಅವನ ಕಾಲು ನೆಲಕ್ಕೆ ತಾಗದೆ ಸ್ವಲ್ಪ ಮೇಲೆಯೇ ಉಳಿದದ್ದು ನಿಜ, ಆದರೆ ಮನೆಯವರು ಅದನ್ನು ಗಮನಿಸಿದ್ದು ಮೂರು ವರ್ಷಗಳ ಮೇಲೆ. ಇನ್ನು ಪಾಸ್‌ಪೋರ್ಟ್ ಫೋಟೋ ಎಂದರೆ ನನ್ನ ಅನ್ನ. ಗಲ್ಫಿಗೆ ಹೊರಟವನ ಮುಖ ನೇರ ಇರಬೇಕು, ಹಿಂದೆ ಬಿಳಿ ಇರಬೇಕು, ನೆರಳು ಮಾತ್ರ ಬೀಳಲೇಬಾರದು. ಬಿದ್ದರೆ ಅರ್ಜಿ ವಾಪಸು. ಹಾಗಾಗಿ ನೆರಳು ಕಂಡಲ್ಲಿ ಅಳಿಸುವುದು ನನ್ನ ಕೈಗೆ ಅಂಟಿದ ಚಟ. ಅದೇ ಕೈ ಕಳೆದ ವರ್ಷ ನನ್ನ ಪ್ರಾಣಕ್ಕೇ ಸಂಚಕಾರ ತರುವುದರಲ್ಲಿತ್ತು.

ನಾನು ಹಳದಿಯಾಗಿದ್ದೇನೆ ಎಂದು ಮೊದಲು ಹೇಳಿದವರು ಪಕ್ಕದ ಬೇಕರಿಯ ಮೂಸಾಕ. ಚಹಾ ಕೊಡುತ್ತಾ ನನ್ನ ಮುಖವನ್ನೇ ದಿಟ್ಟಿಸಿ, "ಎಂತ ಮಾರಾಯ, ನಿನ್ನ ಕಣ್ಣು ನನ್ನ ಅಂಗಡಿಯ ಲಡ್ಡಿನ ಬಣ್ಣ ಉಂಟಲ್ಲ?" ಎಂದರು. ನಾನು ನಂಬಲಿಲ್ಲ. ಸ್ಟುಡಿಯೋದ ಕನ್ನಡಿಯಲ್ಲಿ ನೋಡಿಕೊಂಡೆ, ಹಳದಿ. ಬಲ್ಬು ಬದಲಾಯಿಸಿದೆ; ಮತ್ತೂ ಹಳದಿ. ಗೋಡೆಯ ಬಣ್ಣ ಮುಖಕ್ಕೆ ಹೊಡೆಯುತ್ತಿರಬೇಕೆಂದು ರಸ್ತೆಗೆ ಬಂದು ಸೆಲ್ಫಿ ತೆಗೆದೆ. ಸಾಕ್ಷಾತ್ ಸೂರ್ಯನ ಬೆಳಕಿನಲ್ಲಿಯೂ ಹಳದಿಯಾದ ಮೇಲೆ ದೋಷ ಬೆಳಕಿನದಲ್ಲ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಮನೆಯಲ್ಲಿ ಹೆಂಡತಿ ಸರೋಜ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು, ಉಪ್ಪಿಲ್ಲದ ಗಂಜಿ ಬಡಿಸಿದಳು, ನೆರೆಮನೆಯಿಂದ ಮೀನು ಹುರಿಯುವ ಪರಿಮಳ ಬಂದರೆ ಓಡಿಹೋಗಿ ಕಿಟಕಿ ಮುಚ್ಚಿದಳು. ಒಂದು ವಾರ ಕಳೆಯಿತು. ಹಳದಿ ಇಳಿಯುವ ಬದಲು ಮೈಯೆಲ್ಲ ತುರಿಕೆ ಶುರುವಾಯಿತು, ಜೊತೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ನೋವು. ಒಬ್ಬನೇ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ.

ಸ್ಕ್ಯಾನಿಂಗ್ ಡಾಕ್ಟರು ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಸವರಿ, ಒತ್ತಿ, ಉಜ್ಜಿ, ಕೊನೆಗೆ ಹೇಳಿದರು: "ಪಿತ್ತನಾಳ ಉಬ್ಬಿದೆ. ಕೆಳತುದಿಯಲ್ಲಿ, ಮೇದೋಜೀರಕದ ಹತ್ತಿರ, ಒಂದು ನೆರಳು ಕಾಣ್ತದೆ. ಕಲ್ಲೂ ಆಗಬಹುದು, ಗಡ್ಡೆಯೂ ಆಗಬಹುದು. ಇದರಲ್ಲಿ ಇಷ್ಟೇ ಗೊತ್ತಾಗುವುದು, ಮಂಗಳೂರಿಗೆ ಹೋಗಿ." ಲಕೋಟೆಯಲ್ಲಿ ಒಂದು ರಿಪೋರ್ಟು, ಒಂದು ಚಿತ್ರ. ನಾನು ನೇರ ಮನೆಗೆ ಹೋಗಲಿಲ್ಲ. ಸರೋಜಳ ಅಣ್ಣ ಹೋದದ್ದು ಇಂಥದೇ ಗಡ್ಡೆಯಲ್ಲಿ. ಅವರ ಸ್ಕ್ಯಾನ್ ಚಿತ್ರವನ್ನು ಕೈಯಲ್ಲಿ ಹಿಡಿದು ಅವಳು ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತದ್ದು ನನಗೆ ಇನ್ನೂ ನೆನಪಿದೆ. ಆ ಚಿತ್ರದ ಕಪ್ಪು ಚುಕ್ಕೆ ಅವಳಿಗೆ ಕನಸಿನಲ್ಲಿಯೂ ಗುರುತು ಸಿಗುತ್ತದೆ. ನನಗೆ ಹೆದರಿಕೆಯಾಗಿತ್ತು. ಗಡ್ಡೆಯ ಹೆದರಿಕೆ ಅರ್ಧ, ಅವಳ ಮುಖದ ಹೆದರಿಕೆ ಅರ್ಧ.

ಸ್ಟುಡಿಯೋಕ್ಕೆ ಹೋಗಿ ಬಾಗಿಲು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ. ಓದುಗರೇ, ನನ್ನನ್ನು ಬೈಯಿರಿ, ಆದರೆ ಕೆಲಸವನ್ನು ಬೈಯಬೇಡಿ. ಇಪ್ಪತ್ತು ನಿಮಿಷದಲ್ಲಿ ನೆರಳು ಮಾಯ. ಸುತ್ತಲಿನ ಬೂದು ಬಣ್ಣದಲ್ಲೇ ಜಾಗ ತುಂಬಿಸಿದೆ. ಉಬ್ಬಿದ ಪಿತ್ತನಾಳವನ್ನು, ವಧುವಿನ ಉಬ್ಬಿದ ಕೆನ್ನೆ ಸಪುರ ಮಾಡುವ ಹಾಗೆ, ಎರಡೂ ಬದಿಯಿಂದ ಒಳಗೆ ತಳ್ಳಿದೆ. ಕೈ ಸುಮ್ಮನಿರಲಾರದೆ ಲಿವರಿಗೂ ಸ್ವಲ್ಪ ಹೊಳಪು ಕೊಟ್ಟೆ. ಒಳ್ಳೆಯ ಕಾಗದದಲ್ಲಿ ಪ್ರಿಂಟ್ ತೆಗೆದು, ಒರಿಜಿನಲ್ ಚಿತ್ರ ಮತ್ತು ರಿಪೋರ್ಟನ್ನು ಕ್ಯಾಮೆರಾದ ಬ್ಯಾಗಿನೊಳಗೆ ತುರುಕಿ ಮನೆಗೆ ಬಂದೆ. "ಎಂತದೂ ಇಲ್ಲ ಸರೋಜ, ಸ್ವಲ್ಪ ಹಳದಿ ಅಷ್ಟೆ. ಸುಮ್ಮನೆ ಒಮ್ಮೆ ಮಂಗಳೂರಿನಲ್ಲಿ ತೋರಿಸಲಿಕ್ಕೆ ಹೇಳಿದ್ದಾರೆ" ಎಂದೆ. ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಚಂದ ಬಂದಿದೆ" ಎಂದಳು. ನನಗೆ ಹೆಮ್ಮೆಯಾಯಿತು, ನಾಚಿಕೆ ಮಾತ್ರ ಆಗಲಿಲ್ಲ.

ಮಂಗಳೂರಿನ ಡಾಕ್ಟರಮ್ಮ ನನ್ನ ಮಗಳ ಪ್ರಾಯದವರು. ನಾನು ಗುಟ್ಟಾಗಿ ಅವರ ಕೈಗೆ ರಿಪೋರ್ಟು ದಾಟಿಸುವ ಉಪಾಯ ಮಾಡಿಕೊಂಡಿದ್ದೆ. ಆದರೆ ಕ್ಯಾಮೆರಾ ಬ್ಯಾಗಿನಲ್ಲಿ ಆ ದಿನ ಬೆಳಗ್ಗೆ ಎಷ್ಟು ಹುಡುಕಿದರೂ ಅದು ಇರಲಿಲ್ಲ. ಬಾಯಿಯಲ್ಲಿಯಾದರೂ ಹೇಳೋಣವೆಂದರೆ ಸರೋಜ ಪಕ್ಕದಲ್ಲೇ ಕುಳಿತಿದ್ದಾಳೆ. ಫೈಲಿನಿಂದ ನನ್ನ ಕಲಾಕೃತಿಯನ್ನು ಅವಳೇ ತೆಗೆದು ಕೊಟ್ಟಳು. ಡಾಕ್ಟರಮ್ಮ ಚಿತ್ರ ನೋಡಿದರು, ನನ್ನ ಕಣ್ಣು ನೋಡಿದರು, ಮತ್ತೆ ಚಿತ್ರ ನೋಡಿದರು. "ಇದರಲ್ಲಿ ಪಿತ್ತನಾಳ ಸಪುರ ಉಂಟಲ್ಲ ಅಂಕಲ್? ಅಡಚಣೆ ಇರುವ ಹಾಗೆ ಕಾಣುವುದಿಲ್ಲ. ಹಾಗಾದರೆ ಬರೇ ಲಿವರಿನ ಕಾಮಾಲೆಯಾ? ರಕ್ತ ಪರೀಕ್ಷೆ ಮಾಡಿ ಮನೆಯಲ್ಲಿ ರೆಸ್ಟ್ ತೆಗೊಳ್ಳಿ ಹೇಳುವುದಾ ಎಂತ?" ಎಂದು ಚಿತ್ರವನ್ನು ತಿರುಗಿಸಿದರು. ಅದರ ಬೆನ್ನ ಮೇಲೆ ನಮ್ಮ ಸ್ಟುಡಿಯೋದ ರಬ್ಬರ್ ಸೀಲು! ಪಾಸ್‌ಪೋರ್ಟ್ ಫೋಟೋಗಳ ಹಿಂದೆ ಒತ್ತಿ ಒತ್ತಿ ಅಭ್ಯಾಸವಾದ ಕೈ, ನನಗೆ ತಿಳಿಯದ ಹಾಗೆ ಅದರ ಮೇಲೆಯೂ ಒತ್ತಿಬಿಟ್ಟಿತ್ತು. "ಇದು ಯಾವ ಸ್ಕ್ಯಾನಿಂಗ್ ಸೆಂಟರ್?" ಎಂದು ಡಾಕ್ಟರಮ್ಮ ಕೇಳಿದರು.

ಸುಮ್ಮನಿದ್ದರೆ ಒಳಗಿರುವುದೇನೆಂದು ತಿಳಿಯದೆ ಮನೆಗೆ ಹೋಗುತ್ತೇನೆ. ಬಾಯಿಬಿಟ್ಟರೆ ಸರೋಜಳ ಮುಖ. ನಾನು ತೊದಲಲು ಶುರುಮಾಡಿದೆ. ಅಷ್ಟರಲ್ಲಿ ಅವಳು ತನ್ನ ವ್ಯಾನಿಟಿ ಬ್ಯಾಗಿನ ಜಿಪ್ ಎಳೆದು ಅಸಲಿ ಚಿತ್ರವನ್ನೂ ರಿಪೋರ್ಟನ್ನೂ ಮೇಜಿನ ಮೇಲಿಟ್ಟಳು. ಅವಳು ಕಾಲೇಜಿಗೆ ಹೋಗಿ ಪ್ರೀಡಿಗ್ರಿ ಓದಿದವಳು, ನಾನು ಎಸ್‌ಎಸ್‌ಎಲ್‌ಸಿಗೆ ಎರಡು ಸಲ ಕುಳಿತವನು ಎಂಬುದನ್ನು ಮರೆತಿದ್ದೆ. "ಇವರ ಬ್ಯಾಗಿನಿಂದ ತೆಗೆದು ಮೊದಲ ದಿನವೇ ಓದಿದೆ ಡಾಕ್ಟ್ರೆ," ಎಂದಳು. "ಮದುವೆಗೆ ಮೊದಲು ಇವರು ನಮ್ಮ ಮನೆಗೆ ಕಳಿಸಿದ ಫೋಟೋದಲ್ಲಿ ತಲೆ ತುಂಬ ಕೂದಲಿತ್ತು. ಎಲ್ಲ ಪೆನ್ಸಿಲಿನಲ್ಲಿ ಗೀರಿದ್ದು! ಆವತ್ತಿನಿಂದ ಇವರು ಕೊಟ್ಟ ಫೋಟೋ ನಾನು ನಂಬುವುದಿಲ್ಲ. ನೆರಳು ನೋಡಿದರೆ ನಾನು ಹೆದರ್ತೇನೆ ಅಂತ ಇವರಿಗೆ ಹೆದರಿಕೆ. ಹೆದರಿಕೊಳ್ಳಲಿ ಅಂತ ಬಿಟ್ಟೆ." ಮೂವತ್ತು ವರ್ಷದ ಗುಟ್ಟು ಅಪರಿಚಿತರ ಮುಂದೆ ಬೋಳಾಯಿತು. ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು, ಆಮೇಲೆ ರಿಪೋರ್ಟು ಓದಿದರು, ಆಮೇಲೆ ನಗಲಿಲ್ಲ.

ಮುಂದೆ ನಡೆದದ್ದನ್ನು ನೆನೆದರೆ ನನ್ನ ಮೂವತ್ತೈದು ವರ್ಷದ ವೃತ್ತಿಗೆ ಅವಮಾನ. ಮೊದಲು ಒಂದು ದೊಡ್ಡ ಅಯಸ್ಕಾಂತದ ಗುಹೆಯೊಳಗೆ ಮಲಗಿಸಿದರು. ಟಕಟಕ ಸದ್ದು ಬಿಟ್ಟರೆ ಫ್ಲ್ಯಾಶ್ ಇಲ್ಲ, ಬೆಳಕಿಲ್ಲ, ನನಗೆ ಸೂಜಿ ಚುಚ್ಚಿ ಬಣ್ಣ ಹಾಕಲಿಲ್ಲ. ಆದರೂ ಪಿತ್ತನಾಳವೂ ಮೇದೋಜೀರಕದ ನಾಳವೂ ಬಿಳಿ ಗೆರೆಗಳಾಗಿ ಮರದ ಕೊಂಬೆಗಳಂತೆ ಮೂಡಿಬಂದವು. ನೆರಳು ಅಲ್ಲಿಯೂ ಇತ್ತು. "ಇನ್ನು ಒಳಗೆ ಹೋಗಿಯೇ ನೋಡುವ" ಎಂದರು ಡಾಕ್ಟರಮ್ಮ. ಬಾಯಿಯಿಂದ ಇಳಿಸುವ ಕೊಳವೆಯ ತುದಿಯಲ್ಲೇ ಸ್ಕ್ಯಾನಿಂಗ್ ಯಂತ್ರವಂತೆ. ಹೊಟ್ಟೆಯ ಗೋಡೆಗೆ ಆನಿಸಿ ಪಕ್ಕದ ಮೇದೋಜೀರಕವನ್ನು ಹತ್ತಿರದಿಂದ ನೋಡುವುದಂತೆ. ಗಡ್ಡೆಯಾದರೆ ಅಲ್ಲಿಂದಲೇ ಸೂಜಿಯಲ್ಲಿ ಚೂರು ತೆಗೆಯುವುದು. ಕಲ್ಲಾದರೆ ಇನ್ನೊಂದು ಕೊಳವೆ, ಅದರೊಳಗಿಂದ ಮತ್ತೊಂದು ಮರಿ ಕೊಳವೆ, ಅದರ ತುದಿಯಲ್ಲಿ ಕ್ಯಾಮೆರಾ. ಅದು ಪಿತ್ತನಾಳದ ಒಳಗೇ ಹೊಕ್ಕು ಲೇಸರ್ ಬಿಟ್ಟು ಒಡೆಯುವುದು. ನಾನು ಒಂದು ಮದುವೆಗೆ ಎರಡು ಲೈಟು, ಮೂರು ಸ್ಟ್ಯಾಂಡು, ಒಂದು ಏಣಿ ಹೊತ್ತು ಓಡಾಡಿದವನು! "ಆ ಕ್ಯಾಮೆರಾಕ್ಕೆ ಲೆನ್ಸ್ ಎಷ್ಟರದ್ದು?" ಎಂದು ಕೇಳಿದೆ. "ಅಂಕಲ್, ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದರು.

ಮಂಪರಿನ ಮದ್ದು ನರಕ್ಕೆ ಇಳಿದದ್ದೇ ತಡ, ಲೋಕವೆಲ್ಲ ಮದುವೆ ಮನೆಯಾಯಿತು. ಹಸಿರು ಬಟ್ಟೆಯವರೆಲ್ಲ ಬೀಗರು. ಕೊಳವೆ ಕಚ್ಚದ ಹಾಗೆ ಬಾಯಿಗೆ ಪ್ಲಾಸ್ಟಿಕ್ ಬಿಲ್ಲೆ ಇಡುವ ಮೊದಲು ನಾನು, "ಹುಡುಗಿ ಕಡೆಯವರು ಸ್ವಲ್ಪ ಮುಂದೆ ಬನ್ನಿ, ಯಾರೂ ಕಣ್ಣು ಮುಚ್ಚಬೇಡಿ" ಎಂದೆನಂತೆ. ಡಾಕ್ಟರಮ್ಮನಿಗೆ, "ನೀವು ಒಮ್ಮೆ ಗಲ್ಲ ಇಳಿಸಿ ನಗಿ, ಎಷ್ಟು ಗಂಭೀರ ಮಾರಾಯ್ರೆ!" ಎಂದೂ ಹೇಳಿದೆನಂತೆ. ಇದನ್ನೆಲ್ಲ ಆಮೇಲೆ ನರ್ಸಮ್ಮ ಮೂರು ಸಲ ಅಭಿನಯಿಸಿ ತೋರಿಸಿದರು.

ಎಚ್ಚರವಾದಾಗ ಡಾಕ್ಟರಮ್ಮ ಎದುರಿಗಿದ್ದರು. "ಕಲ್ಲು ಅಂಕಲ್. ಕಲ್ಲು ಮಾತ್ರ. ಗಡ್ಡೆ ಇಲ್ಲ, ಮೇದೋಜೀರಕವೂ ಕ್ಲೀನ್" ಎಂದು ಹೊಸ ಚಿತ್ರವನ್ನು ಕೈಗಿಟ್ಟರು. ಎಷ್ಟು ಹುಡುಕಿದರೂ ನೆರಳಿಲ್ಲ. ಕುಣಿಯಬೇಕಾದ ನಾನು ಏನು ಮಾಡಿದೆ ಗೊತ್ತೇ? ಚಿತ್ರವನ್ನು ಓರೆ ಹಿಡಿದು, ಅಂಚು ನೋಡಿ, ಇಷ್ಟು ಚೊಕ್ಕ ಹೇಗೆ ಬರುತ್ತದೆಂದು ಸಂಶಯಪಟ್ಟು, "ಇದರ ಒರಿಜಿನಲ್ ಉಂಟಾ?" ಎಂದು ಕೇಳಿದೆ. ನನ್ನ ಹೆದರಿಕೆ ಅಳಿಸಲು ಸರೋಜ ಇವರಿಗೆ ಹೇಳಿ ಮಾಡಿಸಿರಬಹುದೇ ಎಂಬ ಯೋಚನೆ ನಿಜವಾಗಿಯೂ ಬಂದಿತ್ತು. ಸರೋಜ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟಳು. ಒಳಗೆ ಕಂದು ಬಣ್ಣದ ನಾಲ್ಕು ಕಲ್ಲಿನ ಚೂರು. "ಇಕೊಳ್ಳಿ ಒರಿಜಿನಲ್," ಎಂದಳು. "ಇದನ್ನೊಮ್ಮೆ ಕಂಪ್ಯೂಟರಿನಲ್ಲಿ ಅಳಿಸಿ ನೋಡುವ." ಹೇಳಿ ಮುಗಿಸುವಷ್ಟರಲ್ಲಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನೂ ಅತ್ತೆ. ಮಂಪರಿನ ಮದ್ದಿನ ಹೆಸರು ಹೇಳಿ ತಪ್ಪಿಸಿಕೊಂಡೆ.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಆ ಚೂರುಗಳ ಫೋಟೋ ತೋರಿಸುವುದೇ ಕೆಲಸವಾಯಿತು. ಮೊದಲು ಬಂದ ಮೂಸಾಕ ರಸ್ಕಿನ ಕಟ್ಟು ಕೆಳಗಿಟ್ಟು, ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಇಷ್ಟೇನಾ? ಅಕ್ಕಿಯಲ್ಲಿ ಇದಕ್ಕಿಂತ ದೊಡ್ಡದು ಸಿಗ್ತದೆ ಮಾರಾಯ" ಎಂದರು. ನನಗೆ ಅದು ನಾಟಿತು. ಮರುದಿನ ಬಂದವರು ನೋಡಿದ ಕಲ್ಲು ಕಡಲೆಯಷ್ಟಿತ್ತು. ಅದರ ಮರುದಿನದವರಿಗೆ ಅಡಿಕೆಯಷ್ಟು. ನೆಲ್ಲಿಕಾಯಿಯ ಗಾತ್ರಕ್ಕೆ ಬಂದ ದಿನ ಸರೋಜ ಹಿಂದಿನಿಂದ ಇಣುಕಿ ನೋಡಿ, "ಇಷ್ಟು ದೊಡ್ಡದು ಒಳಗೆ ಇದ್ದಿದ್ದರೆ ನಿಮ್ಮನ್ನು ನಾನು ವಾಪಸು ಕರಕೊಂಡು ಬರ್ತಿರಲಿಲ್ಲ" ಎಂದಳು. ಈ ಸಲ ಅವಳು ನಗಲಿಲ್ಲ. ನನಗೆ ಕೆನ್ನೆಗೆ ಹೊಡೆದಂತಾಯಿತು. ಆಗಲೇ ಕುಳಿತು ಫೋಟೋದ ಕಲ್ಲನ್ನು ಅದರ ನಿಜವಾದ ಗಾತ್ರಕ್ಕೆ ಇಳಿಸಿದೆ. ಹೆಚ್ಚುಕಡಿಮೆ.