ರುದ್ರಪ್ಪನವರ ಫೋಟೋ ತೆಗೆದದ್ದು

ಸಲಹೆ ಕೊಡುವವರ ಮುಂದೆ ತಲೆಯಾಡಿಸುವುದು ನನ್ನ ಹುಟ್ಟುಗುಣ. ಪಾಪ, ಅವರಿಗೆ ಬೇಸರವಾಗಬಾರದು ಎಂಬುದಷ್ಟೇ ಕಾರಣ. ಒಮ್ಮೆ ಶರ್ಟು ಹೊಲಿಸಲು ಹೋದಾಗ ಟೈಲರ್ ಅರ್ಧ ತೋಳು ಒಪ್ಪುತ್ತದೆ ಎಂದ, ಹೂಂ ಎಂದೆ. ಪಕ್ಕದಲ್ಲಿದ್ದ ಹೆಂಡತಿ ಸರೋಜ ತುಂಬು ತೋಳೇ ಇರಲಿ ಎಂದಳು; ಅದಕ್ಕೂ ಹೂಂ ಎಂದೆ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಬಂದು ನಿಂತ ಆ ಶರ್ಟನ್ನು ಇವತ್ತಿಗೂ ಮನೆಯಲ್ಲಿ ತೊಡುತ್ತೇನೆ. ಇಂಥವನು ಫೋಟೋ ಸ್ಪರ್ಧೆಗೆ ಇಳಿಯಬಾರದಿತ್ತು.

ಚಾಮರಾಜಪೇಟೆಯ ನಮ್ಮ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವವರದೊಂದು ಬಳಗವಿದೆ. ಬಳಗಕ್ಕೊಂದು ವಾಟ್ಸಾಪ್ ಗುಂಪು, ಗುಂಪಿಗೊಬ್ಬರು ಮೂರ್ತಿಗಳು. ಹಾಲು ತಡವಾಗುವುದರಿಂದ ಹಿಡಿದು ಬಡಾವಣೆಯಲ್ಲಿ ಯಾರು ತೀರಿಕೊಂಡರು ಎಂಬುದರವರೆಗೆ ಸುದ್ದಿ ಹಾಕುವವರು ಅವರೇ. ಸ್ನೇಹಕ್ಕಾಗಿ ಒಂದು ಫೋಟೋ ಸ್ಪರ್ಧೆ ಇಡೋಣ ಎಂದವರೂ ಅವರೇ. ಬಯಲಿನಲ್ಲಿ ತೆಗೆದ ಚಿತ್ರವಾಗಿರಬೇಕು. ಅದನ್ನು ಮೂರ್ತಿಗಳಿಗೆ ಕಳಿಸಬೇಕು. ಅವರು ಭಾನುವಾರ ಬೆಳಗ್ಗೆ, ತೆಗೆದವರ ಹೆಸರು ಹೇಳದೆ, ಒಂದಕ್ಷರವನ್ನೂ ಬರೆಯದೆ ಗುಂಪಿಗೆ ಹಾಕುತ್ತಾರೆ. ಚಿತ್ರಕ್ಕೆ ಬಂದ ಒಂದೊಂದು ಉತ್ತರವೂ ಒಂದೊಂದು ಮತ. ಗೆದ್ದ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ತೆಗೆದವರ ಹೆಸರಿನೊಂದಿಗೆ ಪಾರ್ಕಿನ ಗೇಟಿಗೆ ತೂಗುಹಾಕುವುದು. ನನಗೆ ಆಸೆ ಹುಟ್ಟಿದ್ದು ಇಲ್ಲಿ. ಈ ವಯಸ್ಸಿನವರೆಗೆ ನನಗೆ ಯಾವುದರಲ್ಲೂ ಬಹುಮಾನ ಬಂದಿಲ್ಲ. ನಾಲ್ಕು ಜನ ಓದುವಂತೆ ನನ್ನ ಹೆಸರು ಮೇಲೇರಿದ್ದು ಒಂದೇ ಸಲ, ಶಾಲೆಯ ಕಪ್ಪು ಹಲಗೆಯ ಮೇಲೆ, ಗಲಾಟೆ ಮಾಡಿದವರ ಪಟ್ಟಿಯಲ್ಲಿ. ಗೇಟಿನ ಮೇಲೆ ಹೆಸರು ಬರಬೇಕೆಂದು ನಿಜಕ್ಕೂ ಹಂಬಲಿಸಿದೆ.

ಸಲಹೆಗಳು ಬಂದವು. ಸೂರ್ಯ ನಮ್ಮ ಬೆನ್ನ ಹಿಂದಿರಬೇಕು ಎಂದು ಒಬ್ಬರು. ಛೆ, ಕೂತವರ ಬೆನ್ನ ಹಿಂದಿದ್ದರೇ ತಲೆಯ ಸುತ್ತ ಬೆಳಕಿನ ಅಂಚು ಬರುವುದು ಎಂದು ಇನ್ನೊಬ್ಬರು. ಹಿನ್ನೆಲೆ ಖಾಲಿ ಇರಲಿ ಎಂದರು, ಹಿನ್ನೆಲೆಯಲ್ಲಿ ಹೂವಿರಲಿ ಎಂದರು. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದರೆ ಗಾಂಭೀರ್ಯ ಬರುತ್ತದಂತೆ. ಪರದೆಯ ಮೇಲೆ ಗೆರೆಗಳನ್ನು ತರಿಸಿಕೊಂಡು, ಮುಖವನ್ನು ನಡುವೆ ಇಡದೆ ಗೆರೆಯ ಮೇಲಿಡಬೇಕಂತೆ. ಯಾವ ಗೆರೆ ಎಂದು ಕೇಳಲು ಸಂಕೋಚವಾಗಿ ತಲೆಯಾಡಿಸಿದೆ. ಮೊದಲು ಲೆನ್ಸ್ ಒರೆಸಿಕೊಳ್ಳಿ, ಅದಕ್ಕೆ ಚಟ್ನಿಪುಡಿ ಮೆತ್ತಿದೆ ಎಂದು ಸರೋಜ ಹೇಳಿದ್ದೊಂದೇ ನನಗೆ ಅರ್ಥವಾದದ್ದು.

ಫೋಟೋಗೆ ಸಿಕ್ಕವರು ರುದ್ರಪ್ಪನವರು. ಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸಿ ಈಗ ಮನೆಯಲ್ಲಿರುವ ಹಿರಿಯರು, ಹನ್ನೆರಡು ವರ್ಷದಿಂದ ನನ್ನ ವಾಕಿಂಗಿನ ಜೊತೆಗಾರರು. ನಾನು ಯಾರ ಸಲಹೆಯನ್ನೂ ಬಿಡಲಿಲ್ಲ. ಪಾರ್ಕಿನ ಬಿಳಿ ಗೋಡೆಯ ಮುಂದೆ, ಮಲ್ಲಿಗೆ ಬಳ್ಳಿಯ ಕೆಳಗೆ, ತಲೆಯ ಹಿಂದೆ ಸೂರ್ಯ ಬರುವಂತೆ ಕೂರಿಸಿದೆ. ಅಲ್ಲಾಡಬೇಡಿ ಎಂದದ್ದಕ್ಕೆ ಅವರು ಉಸಿರನ್ನೂ ಹಿಡಿದರು. ಗೆರೆಗಳ ಗಲಿಬಿಲಿಯಲ್ಲಿ ಮುಖ ನಟ್ಟನಡುವೆ ಬಂತು. ಕಪ್ಪುಬಿಳುಪು ಮಾಡಿ ನೋಡಿದರೆ ಬಿಳಿ ಗೋಡೆ, ಸುತ್ತ ಹೂವು, ತಲೆಯ ಹಿಂದೆ ಪ್ರಭಾವಳಿ. ಏನೋ ಒಂದು ಶಾಂತಿ ಇದೆ ಅನಿಸಿತು. ಸಂತೋಷದಿಂದ ಕಳಿಸಿದೆ.

ಭಾನುವಾರ ಸ್ನಾನ, ಪೂಜೆ ಮುಗಿಸಿ ಫೋನ್ ತೆಗೆದೆ. ಗುಂಪಿನ ತುಂಬ ‘ಓಂ ಶಾಂತಿ’. ಮೇಲೆ ಸರಿಸಿದಷ್ಟೂ ‘ಓಂ ಶಾಂತಿ’, ನಡುನಡುವೆ ಮುಗಿದ ಕೈಗಳು. ಯಾರು ಎಂದು ಒಬ್ಬರು ಕೇಳಿದ್ದಕ್ಕೆ, ಪಾತ್ರೆ ಅಂಗಡಿ ರುದ್ರಪ್ಪನವರು ಎಂದು ಮತ್ತೊಬ್ಬರ ಉತ್ತರವಿತ್ತು. ಗುರುವಾರ ತಾನೇ ಫೋಟೋ ತೆಗೆದಿದ್ದೆನಲ್ಲ, ಎಷ್ಟು ಚೆನ್ನಾಗಿದ್ದರು, ಉಸಿರು ಹಿಡಿಸಿದ್ದರಿಂದ ಏನಾದರೂ ಆಯಿತೋ ಎಂದುಕೊಂಡೆ. ಇನ್ನೂ ಮೇಲೆ ಸರಿಸಬೇಕೆಂದು ಹೊಳೆಯಲಿಲ್ಲ. ಸರಿಸಿದ್ದರೆ, ಎಲ್ಲಕ್ಕೂ ಮೇಲೆ ಮೂರ್ತಿಗಳು ಒಂದಕ್ಷರವಿಲ್ಲದೆ ಹಾಕಿದ್ದ ನನ್ನದೇ ಫೋಟೋ ಕಾಣುತ್ತಿತ್ತು. ಕಣ್ಣೊರೆಸಿಕೊಂಡು, ನೇರ ಮಾತಿನ ಹಿರಿಯಣ್ಣನನ್ನು ಕಳೆದುಕೊಂಡೆವು ಎಂದು ನಾಲ್ಕು ಸಾಲು ಬರೆದು ಕಳಿಸಿದೆ. ಅಲ್ಲಿಯವರೆಗೆ ಅನುಮಾನಿಸುತ್ತಿದ್ದವರೂ, ದಿನಾ ಜೊತೆಗಿರುವವರೇ ಬರೆದ ಮೇಲೆ ನಿಜವೇ ಇರಬೇಕೆಂದು ನಂಬಿದರಂತೆ.

ಒಂದು ಫೋನ್ ಮಾಡಿ ಕೇಳಿಕೊಂಡು ಹೋಗಿ ಎಂದಳು ಸರೋಜ. ತೀರಿಹೋದವರ ಮನೆಗೆ ಫೋನ್ ಮಾಡಿ ತೀರಿಹೋದರಾ ಎಂದು ಕೇಳುವುದು ಹೇಗೆ? ಸುಗಂಧರಾಜದ ಹಾರ ಕೊಂಡು ಓಡಿದೆ. ರುದ್ರಪ್ಪನವರು ಜಗಲಿಯಲ್ಲಿ ಕೂತು ಕಾಫಿ ಆರಿಸುತ್ತಿದ್ದರು. ಇದು ಅವರೋ, ಅವರ ತಮ್ಮನೋ, ನನ್ನ ಭ್ರಮೆಯೋ ತಿಳಿಯದೆ ಗೇಟು ಹಿಡಿದು ನಿಂತೆ.

“ಏನ್ರೀ ನಾಗರಾಜ್, ಹಾರ ಯಾರಿಗೆ?” ಎಂದರು.

ದೇವಸ್ಥಾನಕ್ಕೆ ಎಂದೆ. ಆ ಹೊತ್ತಿಗೆ ಇನ್ನೂ ಮೂವರು ಹಾರ ಹಿಡಿದು ಬಂದದ್ದರಿಂದ ಸುಳ್ಳು ನಿಲ್ಲಲಿಲ್ಲ. ಅವರು ಫೋನ್ ತರಿಸಿಕೊಂಡು ಎಲ್ಲವನ್ನೂ ನಿಧಾನವಾಗಿ ಓದಿದರು. ಕೋಪ ಬಂದದ್ದು ನನ್ನ ಮೇಲಲ್ಲ, ಬರೀ ಮುಗಿದ ಕೈ ಹಾಕಿ ಸುಮ್ಮನಾದವರ ಮೇಲೆ. ನನ್ನ ನಾಲ್ಕು ಸಾಲನ್ನು ಎರಡು ಸಲ ಓದಿದರು.

ಅಷ್ಟರಲ್ಲಿ ಮೂರ್ತಿಗಳೂ ಬಂದರು. ಕ್ಷಮೆ ಕೇಳಿ, ಲೆಕ್ಕವನ್ನೂ ಒಪ್ಪಿಸಿದರು. ಉತ್ತರವೆಂದರೆ ಉತ್ತರ, ಓಂ ಶಾಂತಿಯೂ ಮತವೇ. ಹಾಗಾಗಿ ನನ್ನ ಚಿತ್ರಕ್ಕೆ ಮೂವತ್ತೆರಡು. ಆದರೆ ಅದರಲ್ಲೊಂದು ನನ್ನದೇ. ತನ್ನ ಚಿತ್ರಕ್ಕೆ ತಾನೇ ಮತ ಹಾಕುವಂತಿಲ್ಲವೆಂದು ಆ ನಾಲ್ಕು ಸಾಲನ್ನು ತೆಗೆದರು. ಆಮೇಲೆ ಹಾಕಿದ ಹಳದಿ ಹೂವಿನ ಮರದ ಚಿತ್ರಕ್ಕೂ ಮೂವತ್ತೊಂದು. ಇನ್ನು ಮತ ಹಾಕದೆ ಉಳಿದವರು ರುದ್ರಪ್ಪನವರೊಬ್ಬರೇ.

ನಾನು ಗೆದ್ದೆ ಎಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಬೆರಳು ಸರಿಸಿ, ಹಳದಿ ಹೂವಿನ ಮರಕ್ಕೆ ‘ಸೂಪರ್’ ಎಂದು ಬರೆದರು.

ನನ್ನ ಮುಖ ನೋಡಲಾರದೆ ಹೇಳಿದರು: “ಬೇಜಾರ್ ಮಾಡ್ಕೋಬೇಡಿ. ಇದನ್ನ ಗೇಟಿಗೆ ಹಾಕಿದ್ರೆ ಹೋಗೋರು ಬರೋರೆಲ್ಲ ಕೈ ಮುಗೀತಾರೆ. ಅದನ್ನ ನೋಡ್ಕೊಂಡು ನಾನು ದಿನಾ ವಾಕಿಂಗ್ ಹೆಂಗ್ರೀ ಮಾಡ್ಲಿ?”

ಅದಕ್ಕೂ ಹೂಂ ಎಂದೆ. ಆ ಗೇಟಿನ ಮುಂದೆ ಚಪ್ಪಲಿ ಬಿಟ್ಟು ಮೊದಲು ಕೈ ಮುಗಿಯುವವನು, ಪಕ್ಕದಲ್ಲಿ ರುದ್ರಪ್ಪನವರು ನಿಂತಿದ್ದರೂ, ನಾನೇ ಆಗಿರುತ್ತಿದ್ದೆ.