ಆಂಟೆನಾದ ಮೇಲೊಂದು ಕೊಡ

ಓಬಣ್ಣನ ಕುರಿಗಳ ಕೊರಳಿಗೆ ಅವು ಎಲ್ಲಿವೆಯೆಂದು ಫೋನಿನಲ್ಲಿ ತೋರಿಸುವ ಪಟ್ಟಿ ಬಂದಾಗಿನಿಂದ ಗುಡೇಕೋಟೆಯ ಯರ್ರಿಸ್ವಾಮಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಬ್ಬರೂ ಅಕ್ಕಪಕ್ಕದ ಮನೆಯವರು, ಇಬ್ಬರೂ ಕುರಿಗಾರರು. ಈಗ ಓಬಣ್ಣ ಚಹಾದಂಗಡಿಯಲ್ಲಿ ಕೂತೇ ಗುಡ್ಡದ ಕುರಿ ಎಣಿಸುತ್ತಾನೆ, ಸುತ್ತ ಜನ ಮುಗಿಬೀಳುತ್ತಾರೆ. ಹೊಟ್ಟೆಕಿಚ್ಚು ತಡೆಯಲಾರದೆ ಯರ್ರಿಸ್ವಾಮಿ ಬೆಳಗಿನ ಮೊದಲ ಬಸ್ಸಿಗೇ ಕೂಡ್ಲಿಗಿಯಲ್ಲಿ ಆ ಪಟ್ಟಿ ಮಾರುವ ಅರುಣಕುಮಾರನ ಅಂಗಡಿಗೆ ಹೋದ.

“ಬ್ಲೂಟೂತ್ ದೊಡ್ಡಿ ದಾಟಂಗಿಲ್ರಿ. ಸಿಮ್ಮಿಂದಾದ್ರ ಕುರಿಗೊಂದು ರೀಚಾರ್ಜು, ಮತ್ತ ಗುಡ್ಡದಾಗ ಟವರ್ ಸಿಗಂಗಿಲ್ಲ. ಇದು ಲೋರಾ ನೆಟ್‌ವರ್ಕು. ಬ್ಯಾಟ್ರಿ ವರ್ಷಗಟ್ಲೆ ಬರ್ತತಿ, ಗುಡ್ಡದಿಂದ ಊರಿಗೆ ಮುಟ್ತತಿ,” ಎಂದ ಅರುಣಕುಮಾರ್.

“ಓಬಣ್ಣ ಯಾವ್ದು ತಗಂಡಾನ?”

“ಇದನ್ನ. ನಿಮಗ ಬರೀ ಪಟ್ಟಿ ಸಾಕ್ರಿ. ಅವರ ಮಾಳಿಗಿ ಮ್ಯಾಲಿನ ಆಂಟೆನಾನ ನಿಮ್ಮ ಕುರಿಗೂ ನಡೀತತಿ...”

“ಅವನ ಹಂಗು ನನಗ್ಯಾಕ? ನನ್ನ ಆಂಟೆನಾ ಅವಂದಕ್ಕಿಂತ ಒಂದು ಮೊಳ ಎತ್ತರ ಇರಬೇಕು!”

ಮಧ್ಯಾಹ್ನಕ್ಕೆ ಅರುಣಕುಮಾರ್ ಬಂದು ಆಂಟೆನಾ ನಿಲ್ಲಿಸಿ, ಪಟ್ಟಿ ಕಟ್ಟಿಸಿ ಹೋದ. ಯರ್ರಿಸ್ವಾಮಿಗೆ ಒಂದೇ ಚಿಂತೆ, ಓಬಣ್ಣನ ಕಣ್ಣು ಬಿದ್ದರೆ? ಹೊಟ್ಟೆಕಿಚ್ಚಿನ ಕಣ್ಣು ಎಂಥದ್ದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಳೆಯ ಅಲ್ಯೂಮಿನಿಯಂ ಕೊಡಕ್ಕೆ ಸುಣ್ಣದ ಬೊಟ್ಟಿಟ್ಟು ಆಂಟೆನಾದ ಮೇಲೆ ಬೋರಲು ಹಾಕಿದ.

ಫೋನಿನಲ್ಲಿ ನಲವತ್ತೆರಡು ಕುರಿಯೂ ಕಂಡವು. ಆದರೂ ಚಹಾದಂಗಡಿಯಲ್ಲಿ ಅರ್ಧ ಜನ ಓಬಣ್ಣನ ಫೋನನ್ನೇ ನೋಡುತ್ತಿದ್ದರು. ಆ ಅರ್ಧವನ್ನು ಯರ್ರಿಸ್ವಾಮಿ ಸಹಿಸಲಾರದೆ ಹೋದ. ಮೆಲ್ಲಗೆ ಎದ್ದು ಬಂದು, ಓಬಣ್ಣನ ಮಾಳಿಗೆ ಹತ್ತಿ, ಆಂಟೆನಾದ ವೈರು ಕಿತ್ತ.

ತನ್ನ ಫೋನು ನೋಡಿಕೊಂಡರೆ ಒಂದೂ ಕುರಿ ಇಲ್ಲ!

“ಅರುಣಾ, ನನ್ನ ಕುರಿ ಮಾಯ ಆಗ್ಯಾವಪ್ಪಾ!” ಎಂದು ಅಲ್ಲಿಂದಲೇ ಫೋನು ಹಚ್ಚಿದ.

“ಆಂಟೆನಾಕ್ಕ ಏನರ ಮುಚ್ಚೀರೇನ್ರಿ?”

“ದೃಷ್ಟಿಗಂತ ಅಲ್ಯೂಮಿನಿಯಂ ಕೊಡ...”

“ಅದರೊಳಗ ಏನೂ ಕೇಳಸಂಗಿಲ್ರಿ! ಇಷ್ಟೊತ್ತೂ ನಿಮ್ಮ ಕುರಿ ಓಬಣ್ಣನ ಆಂಟೆನಾದಿಂದ ಬರ್ತಿದ್ವು. ಈಗ ಅದೂ ಬಂದ್ ಆಗೇತಂತ ಇಲ್ಲಿ ನನ್ನ ಫೋನಿನಾಗ ತೋರಸಾಕತ್ತತಿ.”

ಯರ್ರಿಸ್ವಾಮಿ ವೈರು ಮತ್ತೆ ಸಿಕ್ಕಿಸಿದ. ಅಷ್ಟರಲ್ಲಿ ಏಣಿಯ ಮೇಲೆ ಓಬಣ್ಣನ ತಲೆ ಕಂಡಿತು.

“ಲೇ, ನನ್ನ ಮಾಳಿಗಿ ಮ್ಯಾಲೆ ಏನ್ ಮಾಡಾಕತ್ತೀಲೇ?”

“ನಿನ್ನ ಆಂಟೆನಾಕ್ಕ... ದೃಷ್ಟಿ ತಗಿಯಾಕ ಬಂದೆ.”

ಓಬಣ್ಣನ ಕಣ್ಣು ತುಂಬಿ ಬಂತು. “ಅದಕ್ಕಾ ನನ್ನ ಕುರಿ ಒಂದು ಗಳಿಗಿ ಹೋಗಿ, ಈಗ ಬಂದ್ವು ನೋಡು! ಎಂಥಾ ಮನಸಲೇ ನಿಂದು! ಆ ನಿನ್ನ ಕೊಡಾನೂ ಇದಕ್ಕ ಹಾಕಿಬಿಡಪ್ಪ.”

ಒಲ್ಲೆ ಎಂದರೆ ಮಾಳಿಗೆ ಹತ್ತಿದ ನಿಜವಾದ ಕಾರಣ ಹೇಳಬೇಕು. ಯರ್ರಿಸ್ವಾಮಿ ತನ್ನ ಕೊಡ ತಂದು ತನ್ನ ಕೈಯಾರೆ ಅಲ್ಲಿ ಬೋರಲು ಹಾಕಿದ.

ಅಂದಿನಿಂದ ಓಬಣ್ಣನ ಆಂಟೆನಾ ಕೊಡದೊಳಗೆ ಕಿವುಡಾಗಿ, ಅವನ ಕುರಿಗಳೆಲ್ಲ ಯರ್ರಿಸ್ವಾಮಿಯ ಆಂಟೆನಾದಿಂದಲೇ ಬರುತ್ತವೆ. ತನ್ನ ಆಂಟೆನಾ ಕಿತ್ತುಹಾಕೋಣವೆಂದರೆ ತನ್ನ ಕುರಿಗಳೂ ಹೋಗುತ್ತವೆ. ಚಹಾದಂಗಡಿಯಲ್ಲಿ ಈಗ ಪೂರ್ತಿ ಜನ ಓಬಣ್ಣನ ಸುತ್ತಲೇ, ಎಲ್ಲರಿಗೂ ಆ ಕೊಡದ ಮಹಿಮೆ ಕೇಳಬೇಕು.